ವ್ಯಾಪಾರಕ್ಕೊಂದು ವೆಬ್ ವಿಳಾಸ: ಡೊಮೇನ್ ಹೆಸರು ಆರಿಸುವ ಮುನ್ನ

ವೆಬ್‌ಸೈಟ್ ಮಾಡಿಸಲು ಹೊರಟವರು ಬಣ್ಣ, ಫೋಟೊ, ಲೋಗೊಗಳ ಬಗ್ಗೆ ವಾರಗಟ್ಟಲೆ ಚರ್ಚಿಸುತ್ತಾರೆ. ಡೊಮೇನ್ ಹೆಸರಿನ ಮಾತು ಬಂದಾಗ ಮಾತ್ರ ‘ಯಾವುದು ಸಿಗುತ್ತೋ ಅದನ್ನೇ ಹಾಕ್ಬಿಡಿ’ ಎಂದು ಡಿಸೈನರ್‌ಗೆ ಹೇಳಿ ಕೈತೊಳೆದುಕೊಳ್ಳುತ್ತಾರೆ. ಬಣ್ಣವನ್ನು ಮುಂದಿನ ತಿಂಗಳು ಬದಲಿಸಬಹುದು, ಫೋಟೊಗಳನ್ನು ನಾಳೆಯೇ ತೆಗೆದುಹಾಕಬಹುದು. ಡೊಮೇನ್ ಹೆಸರು ಹಾಗೆ ಬದಲಾಗುವಂಥದ್ದಲ್ಲ. ಅದು ವಿಸಿಟಿಂಗ್ ಕಾರ್ಡಿಗೆ, ಬಿಲ್ ಪುಸ್ತಕಕ್ಕೆ, ಅಂಗಡಿಯ ಬೋರ್ಡಿಗೆ, ಪ್ಯಾಕೆಟ್ಟಿನ ಲೇಬಲ್ಲಿಗೆ, ಗೂಗಲ್ ಮ್ಯಾಪಿಗೆ, ಬ್ಯಾಂಕಿಗೆ ಕೊಟ್ಟ ಇಮೇಲ್ ವಿಳಾಸಕ್ಕೆ ಅಂಟಿಕೊಳ್ಳುತ್ತದೆ. ಎರಡು ವರ್ಷ ವ್ಯಾಪಾರ ನಡೆದ ಮೇಲೆ ಹೆಸರು ಬದಲಿಸಬೇಕಾಗಿ ಬಂದರೆ ಇವನ್ನೆಲ್ಲ ಮತ್ತೆ ಮಾಡಿಸಬೇಕು, ಹಳೆಯ ಗಿರಾಕಿಗಳಿಗೆಲ್ಲ ಮತ್ತೆ ತಿಳಿಸಬೇಕು.

ಸಣ್ಣ, ಮಧ್ಯಮ ವ್ಯಾಪಾರ ಮಾಡುವವರಿಗೆ ನಾನು ಮುಖ್ಯವಾಗಿ ಹೇಳುವುದು ಎರಡು ಮಾತು. ಹೆಸರು ಕಿವಿಗೆ ಬಿದ್ದ ಕೂಡಲೇ ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು. ಅದು ನಿಮ್ಮದೇ ಹೆಸರಿನಲ್ಲಿ ನೋಂದಣಿಯಾಗಿರಬೇಕು. ಈ ಎರಡರಲ್ಲಿ ಎಡವಿದರೆ ಎಷ್ಟು ಚೆಂದದ ವೆಬ್‌ಸೈಟ್ ಇದ್ದರೂ ಪ್ರಯೋಜನ ಕಡಿಮೆ.

ಇಂಟರ್ನೆಟ್ಟಿಗೆ ಸೇರಿದ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರು ಆ ಅಂಕಿಗಳನ್ನು ನೆನಪಿಡಲಾರರೆಂದೇ 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಗೆ. ಇಂದು ಡಾಟ್ ಕಾಮ್ ಒಂದರಲ್ಲೇ 15 ಕೋಟಿಗೂ ಹೆಚ್ಚು ಹೆಸರುಗಳಿವೆ. ಚಿಕ್ಕದಾದ, ಚೊಕ್ಕವಾದ ಇಂಗ್ಲಿಷ್ ಪದಗಳನ್ನು ಯಾರೋ ಎಂದೋ ತೆಗೆದುಕೊಂಡಾಗಿದೆ. ಕನ್ನಡದ ಒಳ್ಳೆಯ ಪದಗಳು ಹುಡುಕಿದರೆ ಈಗಲೂ ಸಿಗುತ್ತವೆ. ಆದರೆ ಅವನ್ನು ಇಂಗ್ಲಿಷ್ ಅಕ್ಷರಗಳಿಗೆ ಇಳಿಸುವಾಗ ಎಚ್ಚರ ಬೇಕು.

ಕೇಳಿದವರು ಬರೆಯಬಲ್ಲರೇ?

ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವ ಗೃಹಿಣಿಯೊಬ್ಬರು ವೆಬ್‌ಸೈಟ್ ಮಾಡಿಸುತ್ತಾರೆ ಎಂದುಕೊಳ್ಳೋಣ. ಮೊದಲು ಹೊಳೆಯುವ ಹೆಸರು ‘ಶಿರಸಿ ಉಪ್ಪಿನಕಾಯಿ’. ಕನ್ನಡದಲ್ಲಿ ಓದಿದರೆ ಬಾಯಲ್ಲಿ ನೀರೂರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಹೋದಾಗ ತೊಡಕು ಶುರುವಾಗುತ್ತದೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ರೂಢಿಯಂತೆ ಬರೆದರೆ ಎಸ್ ಐ ಆರ್ ಎಸ್ ಐ. ನಾವು ಹೇಳುವಂತೆಯೇ ಬರೆದರೆ ಮೊದಲ ಎಸ್ ನಂತರ ಎಚ್ ಬರಬೇಕು, ಆರ್ ನಂತರ ಎ ಬರಬೇಕು. ಉಪ್ಪಿನಕಾಯಿಯದು ಇನ್ನೂ ದೊಡ್ಡ ಕತೆ. ನಡುವೆ ಎನ್ ಆದ ಮೇಲೆ ಎ ಇದೆಯೋ ಇಲ್ಲವೋ? ‘ಕಾ’ಗೆ ಒಂದು ಎ ಸಾಕೋ, ಎರಡು ಬೇಕೋ? ಕೊನೆಯಲ್ಲಿ ವೈ ಐ ಬರೆಯುವುದೋ, ಬರೀ ಐ ಬರೆಯುವುದೋ? ಮೂರು ಪ್ರಶ್ನೆಗೆ ಎರಡೆರಡು ಉತ್ತರ ಎಂದರೂ 8 ಬಗೆಯ ಬರಹವಾಯಿತು. ಊರಿನ ಎರಡು ರೂಪ ಸೇರಿದರೆ 16. ಬೆಂಗಳೂರಿನಿಂದ ಫೋನ್ ಮಾಡಿದ ಗಿರಾಕಿ ‘ಅಕ್ಕಾ, ನಿಮ್ಮ ವೆಬ್‌ಸೈಟ್ ಯಾವ್ದು?’ ಎಂದು ಕೇಳಿದರೆ, ಹೆಸರು ಹೇಳಿದ ಮೇಲೆ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತ ಕೂರಬೇಕು. ಹೆಸರು ನೆನಪಿಟ್ಟುಕೊಂಡು ರಾತ್ರಿ ಟೈಪ್ ಮಾಡಿದವರು ಬೇರೆಲ್ಲೋ ಹೋಗುತ್ತಾರೆ, ಅಥವಾ ಎಲ್ಲಿಗೂ ಹೋಗುವುದಿಲ್ಲ.

ಈಗ ಅದೇ ಗೃಹಿಣಿ ‘ಮಿಡಿಮನೆ’ ಎಂದು ಹೆಸರಿಟ್ಟರು ಎನ್ನಿ. ಇದು ಉದಾಹರಣೆಗಷ್ಟೇ. ಎಂ ಐ ಡಿ ಐ, ಎಂ ಎ ಎನ್ ಇ. ಕನ್ನಡ ಬಲ್ಲ ಹತ್ತು ಮಂದಿಗೆ ಹೇಳಿದರೆ ಹೆಚ್ಚುಕಡಿಮೆ ಹತ್ತೂ ಜನ ಒಂದೇ ತರಹ ಬರೆಯುತ್ತಾರೆ. ಎಂಟೇ ಅಕ್ಷರ. ಮಿಡಿ ಎಂದರೆ ಮಾವಿನ ಮಿಡಿ ಎಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೂ ಅದು ಬಾಯಿಗೆ ಸುಲಭ.

ಇಂಥ ಪದಗಳನ್ನು ಗುರುತಿಸುವುದು ಹೇಗೆ? ದೀರ್ಘ ಸ್ವರ ಕಡಿಮೆ ಇರಲಿ, ಮಹಾಪ್ರಾಣ ಬೇಡ. ಹಬ್ಬ, ಮನೆ, ಗುಬ್ಬಿ, ನವಿಲು, ಕಡಲು, ಬೆಲ್ಲದಂಥ ಪದಗಳು ಇಂಗ್ಲಿಷ್ ಅಕ್ಷರಕ್ಕೆ ತಕರಾರಿಲ್ಲದೆ ಇಳಿಯುತ್ತವೆ. ಜ್ಞಾನ, ಲಕ್ಷ್ಮಿ, ಶ್ರೀ, ಋತು ಇಳಿಯುವುದಿಲ್ಲ. ‘ತ’ ಇರುವ ಪದಗಳಲ್ಲಿ ಇನ್ನೊಂದು ಫಜೀತಿ. ನಾವು ದಕ್ಷಿಣದವರು ಟಿ ಎಚ್ ಬರೆಯುತ್ತೇವೆ, ಉತ್ತರದವರು ಬರೀ ಟಿ ಬರೆಯುತ್ತಾರೆ. ಗೀತಾ, ಲತಾ, ಸವಿತಾ ಎಂಬ ಹೆಸರಿನವರಿಗೆಲ್ಲ ಇದರ ಅನುಭವವಿದೆ. ನಿಮ್ಮ ಗಿರಾಕಿಗಳಲ್ಲಿ ಹೊರ ರಾಜ್ಯದವರೂ ಇದ್ದರೆ ‘ತ’, ‘ಥ’ ಇಲ್ಲದ ಹೆಸರೇ ಕ್ಷೇಮ.

ಪರೀಕ್ಷೆ ಸುಲಭ. ನಿಮ್ಮ ಮನೆಯವರಲ್ಲದ, ಬೇರೆ ಬೇರೆ ವಯಸ್ಸಿನ ಐದಾರು ಜನರಿಗೆ ಫೋನ್ ಮಾಡಿ. ಹೆಸರನ್ನು ಒಂದೇ ಸಲ ಹೇಳಿ, ಅಕ್ಷರ ಬಿಡಿಸಬೇಡಿ. ಕೇಳಿಸಿದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ವಾಟ್ಸಾಪ್ ಮಾಡಿ ಎನ್ನಿ. ಅವರಲ್ಲಿ ಒಬ್ಬರಾದರೂ ಕನ್ನಡ ಬಾರದವರಿರಲಿ. ಬಂದ ಉತ್ತರಗಳು ಮೂರು ನಾಲ್ಕು ಬಗೆಯಾಗಿದ್ದರೆ ಆ ಹೆಸರನ್ನು ಕೈಬಿಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾವ ದುಬಾರಿ ಬ್ರ್ಯಾಂಡಿಂಗ್ ಏಜೆನ್ಸಿಯೂ ಮಾಡಲಾರದು ಎಂಬುದು ನನ್ನ ನಂಬಿಕೆ.

ಆದರೆ 40 ವರ್ಷದಿಂದ ‘ಶ್ರೀ ಲಕ್ಷ್ಮಿ’ ಎಂಬ ಹೆಸರಿನಲ್ಲೇ ಅಂಗಡಿ ನಡೆಸಿದವರು ಏನು ಮಾಡಬೇಕು? ಆ ಹೆಸರಿನಲ್ಲಿ ಊರಿನ ವಿಶ್ವಾಸವಿದೆ, ಅದನ್ನು ಬಿಡಿ ಎಂದು ಹೇಳುವುದು ತಪ್ಪು. ಅಂಥವರು ಎರಡು ಮೂರು ಬರಹದ ಡೊಮೇನ್‌ಗಳನ್ನೂ ಕೊಂಡುಬಿಡುವುದು ಒಳ್ಳೆಯದು. ಶ್ರೀಯನ್ನು ಎಸ್ ಆರ್ ಐ ಎಂದು ಬರೆಯುವುದುಂಟು, ಎಸ್ ಎಚ್ ಆರ್ ಇ ಇ ಎಂದು ಬರೆಯುವುದುಂಟು. ಲಕ್ಷ್ಮಿಗೆ ಕೆ ಎಸ್ ಎಚ್ ಹಾಕುವವರಿದ್ದಾರೆ, ಎಕ್ಸ್ ಹಾಕುವವರಿದ್ದಾರೆ. ಹೆಚ್ಚು ಬಳಕೆಯ ರೂಪಗಳನ್ನು ತೆಗೆದುಕೊಂಡು, ಯಾವುದನ್ನು ಟೈಪ್ ಮಾಡಿದರೂ ಮುಖ್ಯ ವಿಳಾಸಕ್ಕೇ ಬರುವಂತೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಖಾತೆಯಲ್ಲಿ ‘ಫಾರ್ವರ್ಡಿಂಗ್’ ಹಾಕಿಡಬಹುದು. ವರ್ಷಕ್ಕೆ ಒಂದೆರಡು ಸಾವಿರ ರೂಪಾಯಿ ಹೆಚ್ಚು ಖರ್ಚು ಬೀಳುತ್ತದೆ, ಕಳೆದುಹೋಗುವ ಗಿರಾಕಿಗಳ ಲೆಕ್ಕದಲ್ಲಿ ಅದು ದೊಡ್ಡದಲ್ಲ.

ಊರಿನ ಹೆಸರು ಸೇರಿಸುವವರು ಇನ್ನೊಂದು ಸಂಗತಿ ನೆನಪಿಡಬೇಕು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಬಳ್ಳಾರಿ, ತುಮಕೂರು ಇವೆಲ್ಲ ಕನ್ನಡದ ಉಚ್ಚಾರಣೆಗೆ ಹತ್ತಿರವಾದವು. ಬೆಳಗಾವಿ, ಕಲಬುರಗಿ, ವಿಜಯಪುರಗಳಂತೂ ಪೂರಾ ಬೇರೆ ಬರಹ ಪಡೆದವು. ಆದರೂ ಮೈಸೂರನ್ನು ಹಳೆಯ ರೀತಿಯಲ್ಲಿ ಬರೆಯುವವರು ಇಂದಿಗೂ ಲಕ್ಷಾಂತರ ಮಂದಿ. ಊರಿನ ಹೆಸರು ಬೇಕೇ ಬೇಕೆಂದರೆ ಹಳೆಯದು, ಹೊಸದು ಎರಡೂ ರೂಪ ತೆಗೆದಿಡಿ.

ಉಳಿದ ನಿಯಮಗಳು ಚಿಕ್ಕವು. ಇಂಗ್ಲಿಷ್ ಲಿಪಿಯ ಡೊಮೇನ್ ಹೆಸರಿನಲ್ಲಿ ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಮಾತ್ರ ನಡೆಯುತ್ತವೆ. ಚುಕ್ಕೆಗೆ ಮುಂಚಿನ ಭಾಗ 63 ಅಕ್ಷರದವರೆಗೆ ಹೋಗಬಹುದು. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. 63ರವರೆಗೆ ಅವಕಾಶವಿದೆಯೆಂದು ಅಷ್ಟೂ ಬಳಸಬೇಡಿ, 15ರೊಳಗೆ ಮುಗಿದರೆ ಚೆನ್ನ. ಅಡ್ಡಗೆರೆಯನ್ನು ಬಾಯಲ್ಲಿ ಹೇಳುವುದು ಕಷ್ಟ, ಕೇಳಿದವರು ಮರೆಯುವುದು ಸುಲಭ. ಅಂಕಿ ಹಾಕಿದರೆ ‘ಅಂಕಿಯಲ್ಲೋ ಅಕ್ಷರದಲ್ಲೋ’ ಎಂಬ ಪ್ರಶ್ನೆ ಬರುತ್ತದೆ. ಎರಡು ಪದ ಕೂಡಿಸುವಾಗ ಕೂಡಿದ ಜಾಗವನ್ನು ನೋಡಿ. ‘ಮಲ್ನಾಡ್ ಡೈರಿ’ ಎಂದು ಸೇರಿಸಿದರೆ ನಡುವೆ ಎರಡು ಡಿ ಒಟ್ಟಿಗೆ ಬರುತ್ತವೆ, ಅವಸರದಲ್ಲಿ ಜನ ಒಂದನ್ನೇ ಒತ್ತುತ್ತಾರೆ. ಅಕ್ಷರಗಳ ನಡುವೆ ಜಾಗ ಬಿಡದೆ ಒಮ್ಮೆ ಕಾಗದದ ಮೇಲೆ ಬರೆದು, ಬೇರೆಯವರಿಗೆ ಕೊಟ್ಟು ಓದಿಸಿ. ಅನರ್ಥವೇನಾದರೂ ಇದ್ದರೆ ಆಗಲೇ ಗೊತ್ತಾಗುತ್ತದೆ.

ಬೇಕಾದ ಹೆಸರು ಸಿಗದಿದ್ದರೆ

ಹೆಸರು ಬೇರೆಯವರ ಬಳಿ ಇದೆ ಎಂದಾಗ ಜನ ಮಾಡುವ ಕೆಲಸ ಒಂದಕ್ಷರ ಹೆಚ್ಚಿಸುವುದು, ಇಲ್ಲವೇ ಕೊನೆಗೆ ‘1’ ಸೇರಿಸುವುದು. ಹಾಗೆ ಮಾಡಿದರೆ ನಿಮ್ಮ ಜಾಹೀರಾತಿನ ಲಾಭ ಅವರಿಗೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಮಾವಳ್ಳಿ ಟಿಫಿನ್ ರೂಮ್ಸ್‌ನ ಮೂರಕ್ಷರವನ್ನು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಗುರುತಿಸುತ್ತಾರೆ. ಆದರೆ ಅದೇ ಮೂರಕ್ಷರ ಹಾಂಗ್‌ಕಾಂಗ್‌ನ ಮೆಟ್ರೊ ರೈಲಿನದೂ ಹೌದು. ಎಂಟಿಆರ್‌ನ ಮಸಾಲೆ ಪುಡಿ, ರೆಡಿಮಿಕ್ಸ್‌ಗಳ ಕಂಪನಿಯ ವಿಳಾಸದಲ್ಲಿ ಆ ಮೂರಕ್ಷರದ ಜೊತೆಗೆ ‘ಫುಡ್ಸ್’ ಇದೆ. ಹೆಸರು ಹಾಗೇ ಉಳಿಯಿತು, ಏನು ಮಾರುತ್ತಾರೆ ಎಂಬುದೂ ತಿಳಿಯಿತು. ನಿಮ್ಮ ಹೆಸರಿನ ಮುಂದೆ ಸಿಲ್ಕ್ಸ್, ಕಾಫಿ, ಕ್ಲಿನಿಕ್, ಟೂರ್ಸ್ ಎಂದು ಕೆಲಸದ ಪದ ಸೇರಿಸುವುದು ಹೀಗೆಯೇ.

ಇನ್ನೊಂದು ದಾರಿ ಹೊಸ ಪದವನ್ನೇ ಕಟ್ಟುವುದು. ಬೆಂಗಳೂರಿನ ಝೆರೋಧಾ 2010ರಲ್ಲಿ ಶುರುವಾದಾಗ ಸೊನ್ನೆಯ ಇಂಗ್ಲಿಷ್ ಪದಕ್ಕೆ ಅಡೆತಡೆ ಎಂಬರ್ಥದ ಸಂಸ್ಕೃತದ ‘ರೋಧ’ವನ್ನು ಕೂಡಿಸಿ ಹೆಸರು ಮಾಡಿಕೊಂಡಿತು. ಇಂಥ ಪದಕ್ಕೆ ಡೊಮೇನ್ ಸಿಗುತ್ತದೆ, ಟ್ರೇಡ್‌ಮಾರ್ಕೂ ಸುಲಭ. ಆದರೆ ಜನರ ನಾಲಗೆಗೆ ಅದನ್ನು ಕೂರಿಸಲು ಸಮಯ ಮತ್ತು ಜಾಹೀರಾತಿನ ದುಡ್ಡು ಬೇಕು. ಒಂದು ಊರಿನಲ್ಲಿ, ಒಂದು ತಾಲ್ಲೂಕಿನಲ್ಲಿ ವ್ಯಾಪಾರ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಹೆಸರು ಮುಂದಿನ ಬೆಳವಣಿಗೆಗೆ ಅಡ್ಡ ಬರಬಾರದು ಎಂಬುದನ್ನೂ ಯೋಚಿಸಿ. ಇಂದಿನ ಜೊಮ್ಯಾಟೊ ಮೊದಲು ಫುಡೀಬೇ ಎಂಬ ಹೆಸರಿನಲ್ಲಿತ್ತು. ಊಟದ ಆಚೆಗೂ ಬೆಳೆಯಬಹುದು ಎಂಬ ಯೋಚನೆ, ಅಮೆರಿಕದ ಇಬೇ ಕಂಪನಿಯ ಹೆಸರಿನೊಂದಿಗೆ ತೊಡಕಾದೀತೆಂಬ ಎಚ್ಚರ ಎರಡೂ ಸೇರಿ 2010ರ ನವೆಂಬರ್‌ನಲ್ಲಿ ಅವರು ಹೆಸರು ಬದಲಿಸಿದರು. ಉಪ್ಪಿನಕಾಯಿ ಮಾರುವವರು ನಾಳೆ ಹಪ್ಪಳ, ತೊಡದೇವು, ಕೋಕಂ ಶರಬತ್ತಿಗೂ ಕೈಹಾಕುವವರೇ. ‘ಮಿಡಿಮನೆ’ಯಲ್ಲಿ ಮಿಡಿ ಇದ್ದರೂ ಮನೆಯೊಳಗೆ ಇವೆಲ್ಲಕ್ಕೂ ಜಾಗವಿದೆ. ‘ಉಪ್ಪಿನಕಾಯಿ’ ಎಂದೇ ಹೆಸರಿಟ್ಟರೆ ಇಲ್ಲ.

‘ಬೆಸ್ಟ್ ಪಿಕಲ್ಸ್ ಬೆಂಗಳೂರು’ ಎಂಬಂಥ ಹೆಸರಿಟ್ಟರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಆ ಕಾಲ ಮುಗಿದಿದೆ. ಹುಡುಕುವ ಪದಗಳನ್ನೇ ಹೆಸರಾಗಿಟ್ಟುಕೊಂಡ ಕಳಪೆ ತಾಣಗಳನ್ನು ಕೆಳಗಿಳಿಸಲು ಗೂಗಲ್ 2012ರ ಸೆಪ್ಟೆಂಬರ್‌ನಲ್ಲೇ ತನ್ನ ಲೆಕ್ಕಾಚಾರ ಬದಲಿಸಿತು.

ಚುಕ್ಕೆಯ ನಂತರ

ಕರ್ನಾಟಕದಲ್ಲಿ, ಭಾರತದಲ್ಲಿ ಮಾತ್ರ ವ್ಯಾಪಾರ ಮಾಡುವವರಿಗೆ ಡಾಟ್ ಇನ್ ಸಾಕು. ಅದರಲ್ಲಿ ಕೀಳರಿಮೆಯ ಮಾತೇ ಇಲ್ಲ. ಬೆಂಗಳೂರಿನಲ್ಲಿ 2006ರಲ್ಲಿ ಹುಟ್ಟಿದ ರೆಡ್‌ಬಸ್ ಡಾಟ್ ಇನ್ ವಿಳಾಸದಲ್ಲೇ ದೇಶದ ತುಂಬ ಬಸ್ ಟಿಕೆಟ್ ಮಾರಿತು. ಡಾಟ್ ಇನ್ ಅನ್ನು ನೋಡಿಕೊಳ್ಳುವುದು ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ. 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ಸರಕು ಕಳಿಸುವವರು, ಹೊರದೇಶದ ಕನ್ನಡಿಗರನ್ನು ಗಿರಾಕಿಗಳಾಗಿ ಬಯಸುವವರು ಡಾಟ್ ಕಾಮ್ ತೆಗೆದುಕೊಳ್ಳಲಿ. ಎರಡೂ ಖಾಲಿ ಇದ್ದರೆ ಎರಡನ್ನೂ ಕೊಂಡು, ಒಂದನ್ನು ಇನ್ನೊಂದಕ್ಕೆ ತಿರುಗಿಸಿ. ಡಾಟ್ ಕಾಮ್ ಬೇರೆಯವರ ಬಳಿ ಇದ್ದು, ಅವರೂ ನಿಮ್ಮದೇ ವ್ಯಾಪಾರದಲ್ಲಿದ್ದರೆ ಡಾಟ್ ಇನ್ ಖಾಲಿ ಇದ್ದರೂ ಆ ಹೆಸರಿನ ತಂಟೆ ಬೇಡ.

ಸಹಕಾರ ಸಂಘಗಳಿಗೆಂದೇ ಡಾಟ್ ಕೋಆಪ್ ಇದೆ. ನಂದಿನಿ ಹಾಲಿನ ಕರ್ನಾಟಕ ಹಾಲು ಮಹಾಮಂಡಳಿಯ ವಿಳಾಸ ಅದರಲ್ಲೇ ಇದೆ. ಹಾಲು, ಅಡಿಕೆ, ಜೇನು, ನೇಕಾರಿಕೆಯ ಸಂಘಗಳು ಇದನ್ನು ಪರಿಶೀಲಿಸಬೇಕು, ಸಹಕಾರಿ ಅಲ್ಲದವರಿಗೆ ಅದು ಸಿಗದಿರುವುದೇ ಅದರ ಬೆಲೆ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇದೇ ಜಾಡು ಹಿಡಿಯಿತು. ವಂಚಕರು ನಕಲಿ ವಿಳಾಸ ಮಾಡುವುದನ್ನು ತಡೆಯಲು ಎಲ್ಲ ಬ್ಯಾಂಕುಗಳೂ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಗಬೇಕೆಂದು 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು.

ಡಾಟ್ ಎಐ, ಡಾಟ್ ಐಓ, ಡಾಟ್ ಟಿವಿ ಎಂಬ ಆಕರ್ಷಕ ತುದಿಗಳು ನಿಜಕ್ಕೂ ಬೇರೆ ಬೇರೆ ನಾಡುಗಳವು. ಎಐ ಕೆರಿಬಿಯನ್ ಸಮುದ್ರದ ಆಂಗ್ವಿಲಾ ದ್ವೀಪದ್ದು, ಟಿವಿ ಪೆಸಿಫಿಕ್‌ನ ತುವಾಲು ದೇಶದ್ದು, ಐಓ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ್ದು. ಆ ಕೊನೆಯ ಪ್ರದೇಶವನ್ನು ಮಾರಿಷಸ್‌ಗೆ ಒಪ್ಪಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಬ್ರಿಟನ್ ಘೋಷಿಸಿದಾಗ, ಡಾಟ್ ಐಓ ಮುಂದೇನಾಗುತ್ತದೆ ಎಂಬ ಪ್ರಶ್ನೆ ಸಾಫ್ಟ್‌ವೇರ್ ಕಂಪನಿಗಳನ್ನು ಕಾಡಿತು. ಅಂಗಡಿ, ಹೋಟೆಲ್, ಆಸ್ಪತ್ರೆಗಳಿಗೆ ಇವುಗಳ ಅಗತ್ಯವಿಲ್ಲ. ಡಾಟ್ ಶಾಪ್, ಡಾಟ್ ಆನ್‌ಲೈನ್, ಡಾಟ್ ಎಕ್ಸ್‌ವೈಝಡ್‌ನಂಥವನ್ನು ಮೊದಲ ವರ್ಷ ಅಗ್ಗಕ್ಕೆ ಕೊಡುವುದುಂಟು. ಎರಡನೇ ವರ್ಷದ ನವೀಕರಣ ದರ ಎಷ್ಟೆಂದು ಕೇಳದೆ ಹಣ ಕಟ್ಟಬೇಡಿ.

ಇನ್ನು ಕನ್ನಡದ್ದೇ ಅಕ್ಷರಗಳ ಡೊಮೇನ್. ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಕೊನೆಗೊಳ್ಳುವ ವಿಳಾಸ ಇಂದು ನೋಂದಾಯಿಸಲು ಸಾಧ್ಯ. ಅದನ್ನೂ ನಿಕ್ಸಿಯೇ ನೋಡಿಕೊಳ್ಳುತ್ತದೆ. ಹಿಂದೆ ಹೇಳಿದ ಕಾಗುಣಿತದ ತೊಡಕು ಅಲ್ಲಿ ಇಲ್ಲವೇ ಇಲ್ಲ, ಉಪ್ಪಿನಕಾಯಿಗೆ ಕನ್ನಡದಲ್ಲಿ ಒಂದೇ ಬರಹ. ಆದರೆ ಹಲವು ಇಮೇಲ್ ಸೇವೆಗಳು, ಆನ್‌ಲೈನ್ ಅರ್ಜಿ ನಮೂನೆಗಳು ಕನ್ನಡ ಅಕ್ಷರದ ವಿಳಾಸವನ್ನು ಇನ್ನೂ ಒಪ್ಪುವುದಿಲ್ಲ. ಒಳಗೆ ಅದು ‘ಎಕ್ಸ್ ಎನ್’ ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಮಾರ್ಪಡುತ್ತದೆ, ಕೆಲವು ಕಡೆ ಆ ಸಾಲೇ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮುಖ್ಯ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿರಲಿ, ಜೊತೆಗೆ ಕನ್ನಡದ್ದನ್ನೂ ಕೊಂಡು ಅದಕ್ಕೆ ಜೋಡಿಸಿ. ನಾವು ಕೊಳ್ಳದೆ, ಬಳಸದೆ ಈ ವ್ಯವಸ್ಥೆ ಸುಧಾರಿಸುವುದಿಲ್ಲ. ರಾಜ್ಯದ 2024ರ ಕಾಯ್ದೆ ತಿದ್ದುಪಡಿಯಂತೆ ಅಂಗಡಿ ಬೋರ್ಡಿನ ಶೇ 60 ಭಾಗ ಹೇಗೂ ಕನ್ನಡದಲ್ಲಿರಬೇಕು. ಬೋರ್ಡಿನ ಮೇಲಿನ ಹೆಸರನ್ನು ಹಾಗೇ ಟೈಪ್ ಮಾಡಿದರೆ ನಿಮ್ಮ ವೆಬ್‌ಸೈಟ್ ತೆರೆದುಕೊಳ್ಳುವುದು ಎಷ್ಟು ಚೆಂದ!

ಹೆಸರು ಖಾಲಿ ಇದ್ದರೆ ಸಾಲದು

ಡೊಮೇನ್ ಖಾಲಿ ಇದೆ, ದುಡ್ಡು ಕಟ್ಟಿದೆ, ಸಿಕ್ಕಿತು. ಇಷ್ಟರಿಂದ ಹೆಸರಿನ ಮೇಲಿನ ಹಕ್ಕು ಬರುವುದಿಲ್ಲ. ಕಂಪನಿ ನೋಂದಣಿ ಬೇರೆ, ಟ್ರೇಡ್‌ಮಾರ್ಕ್ ಬೇರೆ, ಡೊಮೇನ್ ಬೇರೆ. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಸಿಗದು.

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳಿಂದ ‘ಸಿಫಿ’ ಎಂಬ ಪದ ಕಟ್ಟಿ 1999ರಲ್ಲಿ ಡೊಮೇನ್‌ಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆ ಒಂದು ಎಫ್ ಹೆಚ್ಚಿಸಿ ‘ಸಿಫ್ಫಿನೆಟ್’ ಎಂದು ನೋಂದಾಯಿಸಿಕೊಂಡಿತು. ತಮ್ಮ ಐವರು ಪ್ರವರ್ತಕರ ಹೆಸರುಗಳ ಮೊದಲ ಅಕ್ಷರಗಳಿಂದ ಆ ಪದ ಬಂದಿದೆ ಎಂಬುದು ಅವರ ವಾದ. ಸಿವಿಲ್ ನ್ಯಾಯಾಲಯ ಸಿಫಿಯ ಪರ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಿಫಿಯ ಪರ ತೀರ್ಪಿತ್ತಿತು. ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಗುಣವಿದೆ, ಗಿರಾಕಿಗಳು ಗೊಂದಲಕ್ಕೊಳಗಾಗುವಂತೆ ಇನ್ನೊಬ್ಬರ ಹೆಸರಿಗೆ ಹೋಲುವ ಡೊಮೇನ್ ಬಳಸಿದರೆ ನ್ಯಾಯಾಲಯ ತಡೆಯಬಹುದು ಎಂಬುದು ಅಂದಿನಿಂದ ಇತ್ಯರ್ಥವಾದ ಮಾತು.

ಹಾಗಾಗಿ ಕೊಳ್ಳುವ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಸಾರ್ವಜನಿಕ ಹುಡುಕಾಟ ಮಾಡಿ. ಅದು ಉಚಿತ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಲ್ಲಿ ಹಂಚಿದ್ದಾರೆ. ಉಪ್ಪಿನಕಾಯಿ 29ನೇ ವರ್ಗ, ಮಸಾಲೆ ಪುಡಿ ಮತ್ತು ಕಾಫಿ 30, ಸಿದ್ಧ ಉಡುಪು 25. ನಿಮ್ಮ ವರ್ಗದಲ್ಲಿ ಅದೇ ಹೆಸರಾಗಲಿ, ಅದೇ ಉಚ್ಚಾರಣೆಯದಾಗಲಿ ಇದ್ದರೆ ಬೇರೆ ಹೆಸರು ನೋಡಿ. ಇಲ್ಲದಿದ್ದರೆ ನೀವೇ ಅರ್ಜಿ ಹಾಕಿ. ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ 2017ರ ನಿಯಮಗಳಂತೆ ಒಂದು ವರ್ಗಕ್ಕೆ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ನಮ್ಮಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೈಸೂರು ರೇಷ್ಮೆ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಧಾರವಾಡ ಪೇಡ, ಅಪ್ಪೆಮಿಡಿ, ಶಿರಸಿ ಅಡಿಕೆ ಇವೆಲ್ಲ ಭೌಗೋಳಿಕ ಸೂಚಕದ ಮಾನ್ಯತೆ ಪಡೆದವು. ಆ ಊರಿನ ಸರಕನ್ನೇ ಮಾರದೆ ಅಂಥ ಹೆಸರನ್ನು ವಿಳಾಸಕ್ಕೆ ಹಾಕಿಕೊಂಡರೆ ಕಾನೂನಿನ ತೊಂದರೆ ಬರಬಹುದು. ಆ ಸರಕನ್ನೇ ಮಾಡುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ಅವಕಾಶವಿದೆ.

ಹೆಸರಿನ ಪೂರ್ವಚರಿತ್ರೆಯನ್ನೂ ನೋಡಿ. ಹಳೆಯ ವೆಬ್ ಪುಟಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಹಾಕಿದರೆ ಹಿಂದೆ ಅಲ್ಲಿ ಏನಿತ್ತೆಂದು ಕಾಣುತ್ತದೆ. ಜೂಜು, ಅಶ್ಲೀಲ ತಾಣವಾಗಿದ್ದ ಡೊಮೇನ್ ಆಗಿದ್ದರೆ ನಿಮ್ಮ ಇಮೇಲ್‌ಗಳು ಸ್ಪ್ಯಾಮ್‌ಗೆ ಬೀಳಬಹುದು. ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲೂ ಅದೇ ಹೆಸರು ಸಿಗುತ್ತದೆಯೇ ಎಂದು ಅದೇ ದಿನ ನೋಡಿ, ಅದೇ ದಿನ ತೆಗೆದುಕೊಳ್ಳಿ.

ಪಹಣಿ ಯಾರ ಹೆಸರಲ್ಲಿದೆ?

ಸಣ್ಣ ವ್ಯಾಪಾರಿಗಳು ಹೆಚ್ಚು ನಷ್ಟ ಅನುಭವಿಸುವುದು ಇಲ್ಲಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನ ಖಾತೆಯಿಂದ, ತನ್ನ ಇಮೇಲ್‌ನಿಂದ, ತನ್ನ ಹೆಸರಿನಲ್ಲೇ ಡೊಮೇನ್ ಕೊಂಡಿರುತ್ತಾನೆ. ಅದರಲ್ಲಿ ಮೋಸದ ಉದ್ದೇಶ ಇರಬೇಕೆಂದೇನಿಲ್ಲ, ಬಹುತೇಕ ಅದು ಅವನಿಗೆ ಸುಲಭವೆಂಬ ಕಾರಣಕ್ಕೆ ಅಷ್ಟೇ. ಎರಡು ವರ್ಷದ ಮೇಲೆ ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋಗುತ್ತಾನೆ, ನಂಬರ್ ಬದಲಾಗುತ್ತದೆ, ನವೀಕರಣದ ನೋಟಿಸು ಅವನ ಹಳೆಯ ಇಮೇಲ್‌ಗೆ ಹೋಗಿ ಬೀಳುತ್ತದೆ. ಜಮೀನು ಉಳುವವರು ನೀವು, ಪಹಣಿ ಇನ್ನೊಬ್ಬರ ಹೆಸರಲ್ಲಿ ಎಂಬಂಥ ಸ್ಥಿತಿ ಇದು. ದುಡ್ಡು ಕೊಟ್ಟದ್ದು ನೀವೇ ಎಂದು ವಾದಿಸಿದರೂ ರಿಜಿಸ್ಟ್ರಾರ್ ನೋಡುವುದು ದಾಖಲೆಯಲ್ಲಿರುವ ಹೆಸರನ್ನು.

ಆದ್ದರಿಂದ ರಿಜಿಸ್ಟ್ರಾರ್ ಖಾತೆಯನ್ನು ನೀವೇ ತೆರೆಯಿರಿ. ನೋಂದಣಿದಾರರ ಜಾಗದಲ್ಲಿ ನಿಮ್ಮ ಹೆಸರು ಅಥವಾ ಸಂಸ್ಥೆಯ ಹೆಸರಿರಲಿ, ನಿಮ್ಮ ಫೋನ್ ನಂಬರ್ ಇರಲಿ, ಬಿಲ್ ನಿಮ್ಮ ಜಿಎಸ್‌ಟಿ ಸಂಖ್ಯೆಗೆ ಬರಲಿ. ಇಮೇಲ್ ಮಾತ್ರ ಅದೇ ಡೊಮೇನಿನದ್ದು ಕೊಡಬೇಡಿ. ಡೊಮೇನ್ ನಿಂತುಹೋದರೆ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೇ ಮುಚ್ಚಿಹೋಗುತ್ತದೆ. ಜಿಮೇಲ್‌ನಂಥ ಬೇರೆ ವಿಳಾಸ ಕೊಡಿ, ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ಡಿಸೈನರ್‌ಗೆ ಬೇಕಾದದ್ದು ಡಿಎನ್‌ಎಸ್, ಅಂದರೆ ಹೆಸರನ್ನು ವೆಬ್‌ಸೈಟಿಗೆ ಜೋಡಿಸುವ ವಿವರ, ಬದಲಿಸುವ ಅನುಮತಿ ಮಾತ್ರ, ಅನೇಕ ರಿಜಿಸ್ಟ್ರಾರ್‌ಗಳಲ್ಲಿ ಅಷ್ಟನ್ನೇ ಬೇರೆಯಾಗಿ ಕೊಡುವ ಸೌಲಭ್ಯವಿದೆ.

ಡಾಟ್ ಇನ್ ಕೊಳ್ಳುವಾಗ ಗುರುತಿನ ದಾಖಲೆ ಕೇಳಬಹುದು, ಮಾಹಿತಿ ಮರೆಮಾಚುವ ಪ್ರಾಕ್ಸಿ ಸೇವೆಗೆ ಅಲ್ಲಿ ಅವಕಾಶವಿಲ್ಲ. ನೋಂದಣಿ ಮುಗಿದ ಮೇಲೆ ‘ವೆಬ್‌ಸೈಟ್ ಮಾಡಿಕೊಡುತ್ತೇವೆ’, ‘ನಿಮ್ಮ ಹೆಸರನ್ನು ಚೀನಾದಲ್ಲಿ ಯಾರೋ ಕೊಳ್ಳುತ್ತಿದ್ದಾರೆ’, ‘ಕೂಡಲೇ ನವೀಕರಿಸಿ’ ಎಂಬ ಕರೆ, ಇಮೇಲ್‌ಗಳು ಬರುವುದುಂಟು. ನೀವು ಹಣ ಕಟ್ಟಿದ ರಿಜಿಸ್ಟ್ರಾರ್ ಹೊರತು ಬೇರೆ ಯಾರಿಗೂ ಉತ್ತರಿಸುವ ಅಗತ್ಯವಿಲ್ಲ.

ಖರ್ಚಿನ ಮಾತು. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ ರಿಜಿಸ್ಟ್ರಾರ್‌ಗಳಿಗೆ ವಿಧಿಸುವ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು. ಅದರ ಮೇಲೆ ರಿಜಿಸ್ಟ್ರಾರ್‌ನ ಲಾಭ, ಶೇ 18 ಜಿಎಸ್‌ಟಿ. ಡಾಟ್ ಇನ್ ಸಾಮಾನ್ಯವಾಗಿ ಇದಕ್ಕಿಂತ ಅಗ್ಗ. 10 ವರ್ಷದವರೆಗೆ ಒಟ್ಟಿಗೆ ಹಣ ಕಟ್ಟಬಹುದು. ಐದು ವರ್ಷಕ್ಕೆ ಕಟ್ಟಿ, ಆಟೊ ರಿನ್ಯೂವಲ್ ಹಾಕಿ, ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಬರೆದಿಡಿ. ಕಾರ್ಡಿನ ಅವಧಿ ಮುಗಿದರೆ ಆಟೊ ರಿನ್ಯೂವಲ್ ಕೆಲಸ ಮಾಡುವುದಿಲ್ಲ.

ಮರೆತರೆ ಏನಾಗುತ್ತದೆ? 1999ರ ಕ್ರಿಸ್‌ಮಸ್ ವೇಳೆ ಮೈಕ್ರೊಸಾಫ್ಟ್‌ನಂಥ ಕಂಪನಿಯೇ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ನವೀಕರಿಸಲು ಮರೆತಿತ್ತು. ಹಾಟ್‌ಮೇಲ್‌ಗೆ ಲಾಗಿನ್ ಆಗುವುದು ಆ ವಿಳಾಸದ ಮೂಲಕವೇ ಆಗಿದ್ದರಿಂದ ಅನೇಕರ ಮೇಲ್ ನಿಂತಿತು. ಕೊನೆಗೆ ಅಮೆರಿಕದ ಪ್ರೋಗ್ರಾಮರ್ ಒಬ್ಬರು ತಮ್ಮ ಕೈಯಿಂದ 35 ಡಾಲರ್ ಕಟ್ಟಿ ಅದನ್ನು ಉಳಿಸಿಕೊಟ್ಟರು. ನಮ್ಮ ನಿಮ್ಮ ಅಂಗಡಿಗೆ ಅಂಥ ಪುಣ್ಯಾತ್ಮರು ಸಿಗುವ ಭರವಸೆ ಇಲ್ಲ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್‌ನನ್ನು ಅವಲಂಬಿಸಿ 45 ದಿನಗಳವರೆಗೆ ಸಾಮಾನ್ಯ ದರದಲ್ಲಿ ನವೀಕರಿಸಲು ಅವಕಾಶವಿರಬಹುದು. ಆಮೇಲಿನ 30 ದಿನ ಭಾರಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ನಂತರ ಐದು ದಿನ ಯಾರಿಗೂ ಸಿಗದು, ಆಮೇಲೆ ಮೊದಲು ಬಂದವರ ಪಾಲು. ಹಾಗೆ ಕೊಂಡವರ ಕೈಗೆ ವಿಳಾಸವಷ್ಟೇ ಹೋಗುವುದಿಲ್ಲ, ಆ ಡೊಮೇನಿನ ಇಮೇಲ್‌ಗೆ ಬರುವ ಆರ್ಡರ್‌ಗಳು, ಬ್ಯಾಂಕಿನ ಪತ್ರಗಳು, ಓಟಿಪಿಗಳು ಎಲ್ಲವೂ ಹೋಗುತ್ತವೆ.

ಈಗಾಗಲೇ ವೆಬ್‌ಸೈಟ್ ಇರುವವರು ಇಂದೇ ಒಂದು ಕೆಲಸ ಮಾಡಿ. ರಿಜಿಸ್ಟ್ರಾರ್ ಖಾತೆಗೆ ನಿಮ್ಮ ಫೋನಿನಿಂದಲೇ ಲಾಗಿನ್ ಆಗಿ, ನೋಂದಣಿದಾರ ಎಂಬಲ್ಲಿ ಯಾರ ಹೆಸರಿದೆ, ಅವಧಿ ಯಾವತ್ತು ಮುಗಿಯುತ್ತದೆ ಎಂದು ನೋಡಿ. ಲಾಗಿನ್ ವಿವರವೇ ನಿಮ್ಮ ಬಳಿ ಇಲ್ಲ ಎಂದಾದರೆ, ವೆಬ್‌ಸೈಟ್ ಮಾಡಿಕೊಟ್ಟವರಿಗೆ ನಾಳೆಗೆ ಕಾಯದೆ ಫೋನ್ ಮಾಡಿ, ಡೊಮೇನನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.